ಮಣ್ಣುದಾರಿಯೂ ಬೈಸಿಕಲ್ಲೂ

ಕಳೆದ ರಜೆಯಲ್ಲಿ ಇಬ್ಬರು ಸಹಪಾಠಿಗಳೊಡನೆ ಚಾಮರಾಜಪೇಟೆಯಿಂದ ಬೈಸಿಕಲ್ಲಿನ ಮೇಲೆ ಸಾವನದುರ್ಗಕ್ಕೆ ಹೋಗಿಬಂದೆ. ಕೆಂಗೇರಿ ದಾಟಿ, ದೊಡ್ಡ ಆಲದಮರದ ನೆರಳಿನಲ್ಲಿ ದಣಿವಾರಿಸಿಕೊಂಡು, ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯದಾಚೆ ಟಾರುರಸ್ತೆ ಬಿಟ್ಟು ಮಣ್ಣುದಾರಿ ಹಿಡಿದೆವು. ಸುತ್ತಲೂ ಕುರುಚಲು ಕಾಡು. ಎದುರಿಗೆ ಸಮುದ್ರಮಟ್ಟದಿಂದ 1,226 ಮೀಟರು ಎತ್ತರದ ಆ ಹೆಬ್ಬಂಡೆ.

ದಾರಿಯಲ್ಲಿ ದುಬಾರಿ ‘ಗ್ರಾವೆಲ್’ ಬೈಸಿಕಲ್ಲಿನ ಸವಾರರೊಬ್ಬರು ಜೊತೆಯಾದರು. “ಇಲ್ಲಿಗೂ ಟಾರು ಬಂದರೆ ಸೊಗಸೆಲ್ಲ ಹಾಳು” ಎಂದು ನಿಟ್ಟುಸಿರಿಟ್ಟರು. ಮಿತ್ರರು ಹೌದೆಂದರು. ನನಗೆ ಮಾತ್ರ ನಾಲಿಗೆ ಏಳಲಿಲ್ಲ. ನಮ್ಮ ತಂದೆಯವರು ಮಾಗಡಿ ಸೀಮೆಯ ಇಂಥದೇ ದಾರಿಯಲ್ಲಿ ಸೊಪ್ಪಿನ ಹೊರೆ ಹೇರಿ ಬೈಸಿಕಲ್ಲು ತುಳಿದವರು. ಮಳೆಗಾಲದಲ್ಲಿ ಕೆಸರು ಚಕ್ರ ಹಿಡಿದರೆ ಸೊಪ್ಪು ಬಾಡುತ್ತಿತ್ತು. ಅಂದಿನ ಸಂಪಾದನೆ ಮುಗಿಯಿತು. ಬಸ್ಸು ಬಾರದೆ ನಮ್ಮಕ್ಕನ ಓದು ನಿಂತದ್ದೂ ಆ ಕೆಸರಿನಿಂದಲೇ. ನಮ್ಮ ಮನೆಯಲ್ಲಿ ಬಿ.ಎ. ತರಗತಿ ಕಂಡವನು ನಾನೊಬ್ಬನೇ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಊರು ಸೇರುವ ದಾರಿಗೆ ಟಾರು ಬರಲೇಬೇಕು. ಆದರೆ ಊರಿಲ್ಲದೆಡೆ, ಕಾಡಂಚಿನ ಹಾಗೂ ಹೊಳೆದಂಡೆಯ ಗಾಡಿಜಾಡುಗಳನ್ನು ಇದ್ದಂತೆಯೇ ಬಿಡುವುದು ವಿವೇಕ. ಅಲ್ಲಿ ಟಾರಿನ ಹಿಂದೆ ಮೋಟಾರು, ಮೋಟಾರಿನ ಹಿಂದೆ ಬಡಾವಣೆ ಬರುತ್ತವೆ. ಬಸವನಗುಡಿಯ ನಂದಿಯ ಬಳಿ ಹುಟ್ಟಿತೆನ್ನುವ ವೃಷಭಾವತಿ ಮೋರಿಯಾದುದನ್ನು ಕಂಡ ನಾವು ಅರ್ಕಾವತಿಗೂ ಅದೇ ಗತಿ ತರಬೇಕೇ?

ಮಿತ್ರರೇ, ಸವಾರಿ ಹೋಗೋಣ. ದುಬಾರಿ ಗಾಡಿ ಬೇಕಿಲ್ಲ. ತಂದೆಯವರ ಹಳೆಯ ಬೈಸಿಕಲ್ಲೇ ನನ್ನನ್ನು ಮುಟ್ಟಿಸಿ ತಂದಿತು. ಆದರೆ ನಮ್ಮ ಒಂದು ದಿನದ ಸೊಗಸಿಗಾಗಿ ಹಳ್ಳಿಯವರು ವರ್ಷವೆಲ್ಲ ಕೆಸರು ತುಳಿಯಲೆಂದು ಬಯಸದಿರೋಣ.