ಘಾಟಿಯಲ್ಲಿ ಉಸಿರುಗಟ್ಟುವ ಗಾಡಿ



ನಮ್ಮ ತಾಳವಾಡಿ ಸೀಮೆಯಲ್ಲಿ ಹಳೆಯ ಡೀಸೆಲ್ ಗಾಡಿ ಇಲ್ಲದ ಬೀದಿ ಅಪರೂಪ. ಜೀಪು, ಸುಮೋ, ಇಂಡಿಕಾ, ಅಲ್ಲೊಂದು ಇಲ್ಲೊಂದು ಅಂಬಾಸಿಡರ್. ವಾರದ ದಿನಗಳಲ್ಲಿ ಕೋಸು ಟೊಮೆಟೊ ಹೊತ್ತು, ಭಾನುವಾರ ಅಜ್ಜಿ ಮೊಮ್ಮಕ್ಕಳನ್ನು ಬಲಿಪೂಜೆಗೆ ಕರೆತರುವ ಗಾಡಿಗಳಿವು. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ಮೀಟರಿನಲ್ಲಿ ಎಚ್ಚರಿಕೆಯ ದೀಪಗಳೂ ಕಡಿಮೆ. ಆದ್ದರಿಂದ ಕೆಟ್ಟಾಗ ಕಣ್ಣು, ಕಿವಿ, ಮೂಗುಗಳೇ ಪರೀಕ್ಷಾ ಯಂತ್ರ. ಹೊಸ ಗಾಡಿಗಳಿಗಿಂತ ಇದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇತ್ತೀಚೆಗೆ ಧರ್ಮಕೇಂದ್ರದ ಒಂದು ಕುಟುಂಬದವರು ಬಂದು ಹೇಳಿದರು: "ಫಾದರ್, ಗಾಡಿ ಊರೊಳಗೆ ಚೆನ್ನಾಗೇ ಓಡ್ತದೆ. ಬಣ್ಣಾರಿ ದಾಟಿ ಘಾಟಿ ಹತ್ತೋಕೆ ಶುರು ಮಾಡಿದ್ರೆ ಎಳೆಯೋದೇ ಇಲ್ಲ. ಮೊನ್ನೆ ನಿಂತೇ ಹೋಯ್ತು. ಗ್ಯಾರೇಜಿನೋರು ಪಂಪು ಇಳಿಸಿ ರಿಪೇರಿ ಮಾಡಬೇಕು ಅಂತಾರೆ." ಆ ಮನೆಯ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮುಗಿಸಿಕೊಂಡು ಹಿಂತಿರುಗುವುದು ಸಂಜೆ. ದಿಂಬಂ ಘಾಟಿಯಲ್ಲಿ 27 ತಿರುವು, ಸುತ್ತಲೂ ಹುಲಿ ಆನೆಗಳ ಕಾಡು, 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ. ಅಂಥ ಕಡೆ ನಿತ್ರಾಣಗೊಂಡ ತಾಯಿಯನ್ನು ಕೂರಿಸಿಕೊಂಡು ನಿಲ್ಲುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪಂಪಿನ ರಿಪೇರಿಗೆ ಹಣ ಹೊಂದಿಸಲು ಅವರು ಹಸು ಮಾರುವ ಯೋಚನೆಯಲ್ಲಿದ್ದರು. ಸ್ವಲ್ಪ ತಡೆಯಿರಿ ಎಂದೆವು.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಅದುಮಿ ಕಾಯಿಸಿ, ಆ ಕಾವಿಗೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಮೆಲ್ಲಗೆ ಬರುವ ದಾರಿ ಒಂದು. ಪಂಪಿನಿಂದ ನಾಝಲ್‌ಗೆ ಭಾರೀ ಒತ್ತಡದಲ್ಲಿ ಹೋಗುವ ದಾರಿ ಇನ್ನೊಂದು. ದುಡ್ಡು ಕೇಳುವುದು ಎರಡನೆಯ ದಾರಿ. ಆದರೆ ಕೆಡುವುದು ಬಹುಮಟ್ಟಿಗೆ ಮೊದಲನೆಯದು.

ಮೊದಲು ಹೊಗೆ ನೋಡಬೇಕು. ಗಾಡಿ ಸ್ಟಾರ್ಟ್ ಆಗದಿದ್ದರೆ, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರಿನ ಬಳಿ ನಿಲ್ಲಲಿ. ಬಿಳಿ ಹೊಗೆ ಬಂದು ಡೀಸೆಲ್ ವಾಸನೆ ಹೊಡೆದರೆ, ಡೀಸೆಲ್ ಒಳಗೆ ತಲುಪಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ಗು ನೋಡಿ. ಹೊಗೆಯೇ ಇಲ್ಲವಾದರೆ ಡೀಸೆಲ್ ತಲುಪಿಲ್ಲ. ಏರು ಹತ್ತುವಾಗ ಕಪ್ಪು ಹೊಗೆ ಉಗುಳುತ್ತಾ ಎಳೆಯದಿದ್ದರೆ ಕೊರತೆ ಡೀಸೆಲಿನದಲ್ಲ, ಬಹುಶಃ ಗಾಳಿಯದು. ಏರ್ ಫಿಲ್ಟರ್ ಬಿಚ್ಚಿ ಧೂಳು ನೋಡಿ. ಹೊಗೆಯೂ ಇಲ್ಲದೆ ಸುಮ್ಮನೆ ಸೊರಗಿದರೆ ಅದು ಹಸಿವು.

ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡು, ಒಮ್ಮೆ ಸ್ಟಾರ್ಟ್ ಆದ ಮೇಲೆ ದಿನವಿಡೀ ಸರಿಯಾಗಿರುವ ಗಾಡಿಗಳುಂಟು. ರಾತ್ರಿ ಎಲ್ಲೋ ಸಂದಿಯಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಮರಳಿರುತ್ತದೆ. ಜನ ಬಾನೆಟ್ ಎತ್ತಿ, ಕೆಳಗೆ ಬಗ್ಗಿ, ಎಲ್ಲೂ ಸೋರಿಲ್ಲವಲ್ಲ ಎನ್ನುತ್ತಾರೆ. ಸೋರುವುದಿಲ್ಲ. ಪಪ್ಪಾಯಿ ಎಲೆಯ ದಂಟಿನಲ್ಲಿ ನೀರು ಹೀರುವ ಮಕ್ಕಳನ್ನು ಕೇಳಿ: ದಂಟು ಸೀಳಿದ್ದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಹೀರುವ ದಾರಿಯೂ ಹಾಗೆಯೇ. ಎಂಜಿನ್ನಿನ ಮೇಲೆ ಬೇರೆ ಫೀಡ್ ಪಂಪು ಇರುವ ಗಾಡಿಯಲ್ಲಿ ಅದರಿಂದ ಮುಂದಕ್ಕೆ ಒತ್ತಡವಿರುವುದರಿಂದ, ಅಲ್ಲಿ ಮಾತ್ರ ಹನಿ ಕಾಣುತ್ತದೆ.

ಗಾಳಿಯನ್ನು ಹಿಡಿಯಲು ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪು ಸಾಕು. ಫಿಲ್ಟರಿಗೂ ಪಂಪಿಗೂ ನಡುವೆ ತಾತ್ಕಾಲಿಕವಾಗಿ ಅದನ್ನು ಕ್ಲಿಪ್ ಹಾಕಿ ಜೋಡಿಸಿ, ಎಂಜಿನ್ ಓಡಿಸಿ ನೋಡಿ. ಮೊದಲಿನ ಗಾಳಿ ಹೋದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ ಹಿಂದೆಲ್ಲೋ ಸಂದಿಯಿದೆ. ರಬ್ಬರು ಪೈಪಿನ ತುದಿಗಳು, ಫಿಲ್ಟರಿನ ವಾಷರು, ಕೈಯಲ್ಲಿ ಒತ್ತುವ ಪ್ರೈಮರು, ಒಂದೊಂದಾಗಿ ನೋಡುತ್ತಾ ಹಿಂದಕ್ಕೆ ಹೋಗಿ. ನಾಝಲ್‌ಗಳಿಂದ ಟ್ಯಾಂಕಿಗೆ ಮರಳುವ ಸಣ್ಣ ರಿಟರ್ನ್ ಪೈಪನ್ನು ಯಾರೂ ಗಮನಿಸುವುದಿಲ್ಲ. ಕಾವಿಗೆ ಅದು ಒಣಗಿ ಬಿರುಕುಬಿಟ್ಟಿರುತ್ತದೆ. ಹೊಸದಕ್ಕೆ ಅಲ್ಪ ಖರ್ಚು.

ಹೇಳಿದ ಕುಟುಂಬದ ಗಾಡಿಯಲ್ಲಿ ಗುಳ್ಳೆ ಬರಲಿಲ್ಲ. ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿದೆವು. ಶುಭ್ರವಾದ ಐದು ಲೀಟರಿನ ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿ, ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಹೊಸ ಪೈಪಿನಿಂದ ನೇರ ಪಂಪಿಗೆ ಕೊಟ್ಟೆವು. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟೆವು. ಹೀಗೆ ಮಾಡಿ ಎಂಜಿನ್ ಚೆನ್ನಾಗಿ ಓಡಿದರೆ ಪಂಪು ನಾಝಲ್ ನಿರಪರಾಧಿಗಳು. ಓಡದಿದ್ದರೆ ಮಾತ್ರ ಪಂಪಿನ ಮಾತು. ಈ ಒಂದು ಪರೀಕ್ಷೆ ಮಾಡದೆ ಯಾರೇ ಪಂಪು ಬಿಚ್ಚುತ್ತೇನೆ ಎಂದರೂ ಒಪ್ಪಬೇಡಿ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದರೂ, ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ. ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದಿಯಿಟ್ಟು ಕೂರಿಸಿದ ಭಾಗಗಳವು. ತೆರೆದು ಮುಚ್ಚುವ ಡಬ್ಬಿಯಲ್ಲ.

ಕ್ಯಾನಿನ ಡೀಸೆಲಿನಲ್ಲಿ ಗಾಡಿ ಏರು ಹತ್ತಿತು. ಅಂದರೆ ದೋಷ ಹಿಂದೆ. ಫಿಲ್ಟರ್ ಬಿಚ್ಚಿದಾಗ ಕಪ್ಪು ಕೆಸರು. ಟ್ಯಾಂಕಿನ ತಳದಲ್ಲಿ ನೀರು ಮತ್ತು ಅಂಟಾದ ಲೋಳೆ. ಸದಾ ಅರ್ಧ ಟ್ಯಾಂಕಿನಲ್ಲೇ ನಿಲ್ಲುವ ಗಾಡಿಯಲ್ಲಿ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ, ಆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಸಮತಟ್ಟಿನಲ್ಲಿ ಎಂಜಿನ್ನಿಗೆ ಸ್ವಲ್ಪವೇ ಡೀಸೆಲ್ ಸಾಕು, ಕೊಳೆ ಫಿಲ್ಟರಿನಲ್ಲೂ ಅಷ್ಟು ನುಸುಳುತ್ತದೆ. ಘಾಟಿಯಲ್ಲಿ ಕಾಲು ಒತ್ತಿದಾಗ ನುಸುಳುವುದು ಸಾಲದು. ಟ್ಯಾಂಕ್ ಇಳಿಸಿ ತೊಳೆದು, ಪೈಪು ಊದಿ, ಎರಡೂ ಫಿಲ್ಟರ್ ಬದಲಿಸಿದ ಮೇಲೆ ಆ ಗಾಡಿ ಎಂಟು ಸಲ ಘಾಟಿ ಹತ್ತಿದೆ. ಹಸು ಕೊಟ್ಟಿಗೆಯಲ್ಲೇ ಇದೆ.

ಇದೇ ಲಕ್ಷಣ ತೋರುವ ಇನ್ನೆರಡು ಕಾರಣಗಳುಂಟು. ನಿಂತ ಗಾಡಿಯ ಟ್ಯಾಂಕ್ ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಗಾಳಿಯಾಡುವ ತೂತು ಮುಚ್ಚಿದೆ. ಕಣಜ ಗೂಡು ಕಟ್ಟಿದರೂ ಸಾಕು. ಇನ್ನೊಂದು, ಮುಳ್ಳು ಕೆಂಪಿಗೆ ಬಂದಾಗ ಘಾಟಿ ಹತ್ತುವುದು: ತಿರುವಿನಲ್ಲಿ ಡೀಸೆಲ್ ಒಂದು ಬದಿಗೆ ವಾಲಿ, ಹೀರುವ ಪೈಪು ಗಾಳಿ ಕುಡಿಯುತ್ತದೆ. ಸತ್ಯಮಂಗಲದ ಬಂಕಿನಲ್ಲೇ ತುಂಬಿಸಿಕೊಳ್ಳಿ. ಮೀಟರ್ ಕೀ ತಿರುಗಿಸಿದಾಗ ಪಂಪಿನ ಮೇಲಿನ ಸೊಲೆನಾಯ್ಡ್ "ಟಿಕ್" ಎನ್ನದಿದ್ದರೆ ಮೊದಲು ಅದರ ವೈರನ್ನು ಅಲ್ಲಾಡಿಸಿ ನೋಡಿ.

ದೇಶದಲ್ಲೆಲ್ಲಾ 2020ರ ಏಪ್ರಿಲ್‌ನಿಂದ ಗಂಧಕ 10 ಪಿಪಿಎಂ ಮೀರದ ಡೀಸೆಲ್ ಬಂದಿದೆ. ಕಡಿಮೆ ಗಂಧಕದ ಡೀಸೆಲಿಗೆ ಬದಲಾದಾಗ ಹಳೆಯ ಪಂಪುಗಳ ರಬ್ಬರು ಸೀಲು ಕುಗ್ಗಿ ಸೋರಿದ್ದನ್ನು ಅಮೆರಿಕದಲ್ಲಿ 1993ರಲ್ಲೇ ಕಂಡಿದ್ದಾರೆ. ಪಂಪಿನ ಮೈ ಒದ್ದೆಯಾಗಿದ್ದರೆ ಸೀಲು ಮಾತ್ರ ಬದಲಿಸಿದರೂ ಸಾಕಾಗಬಹುದೇ ಎಂದು ಕೇಳಿ.

ಯುವಕರಿಗೆ ಒಂದು ಎಚ್ಚರ. ಗಾಳಿ ತೆಗೆಯಲು ನಾಝಲ್ ನಟ್ಟು ಸಡಿಲಿಸುವುದು ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೈಲ್ ಗಾಡಿಯಲ್ಲಿ ಸಾವಿರ ಬಾರ್ ಮೀರಿದ ಒತ್ತಡವಿರುತ್ತದೆ, ಅದನ್ನು ಮುಟ್ಟಲೇಬೇಡಿ. ಹಳೆಯದರಲ್ಲೂ ಚಿಮ್ಮುವ ಡೀಸೆಲಿಗೆ ಬೆರಳು ಒಡ್ಡಬಾರದು. ಅದು ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಕಡಿಮೆ. ಆದರೂ ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಚುಚ್ಚಿದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ತಡವಾದರೆ ಬೆರಳೇ ಹೋಗುತ್ತದೆ.

ಪಾರದರ್ಶಕ ಪೈಪು, ಕ್ಲಿಪ್ಪು, ಕ್ಯಾನು ಗುರುನಿವಾಸದಲ್ಲಿವೆ. ಬೇಕಾದವರು ಭಾನುವಾರ ಎರಡನೆಯ ಪೂಜೆಯ ನಂತರ ಒಯ್ಯಬಹುದು. ಹಿಂತಿರುಗಿಸುವಾಗ ಕ್ಯಾನು ಒಣಗಿರಲಿ. ಅದರಲ್ಲಿ ನೀರು ಮಾತ್ರ ತುಂಬಬೇಡಿ.