ಕರೆಯದೇ ಬಂದ ಕಾವಲುಗಾರ

ಮದುವೆ ಛತ್ರದ ಬಾಗಿಲಲ್ಲಿ ಲಗ್ನಪತ್ರಿಕೆ ಹಿಡಿದು, ಬಂದದ್ದು ಸರಿಯಾದ ಛತ್ರಕ್ಕೋ ಅಲ್ಲವೋ ಎಂದು ತಡವರಿಸುತ್ತ ನಿಂತವರನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ: ‘ತಾವು ಯಾರ ಕಡೆಯವರು?’ ಕೈಯಲ್ಲಿ ಏನೂ ಇಲ್ಲದೆ, ಯಾರನ್ನೂ ವಿಚಾರಿಸದೆ ನೆಟ್ಟಗೆ ಅಡುಗೆಮನೆಗೆ ನಡೆದು ‘ಸಾರು ಇಳಿಸಿದ್ರಾ?’ ಎನ್ನುವವನನ್ನು ಯಾರೂ ತಡೆಯುವುದಿಲ್ಲ. ಹೆಣ್ಣಿನ ಕಡೆಯವರು ಅವನನ್ನು ಗಂಡಿನ ಕಡೆಯವನೆಂದುಕೊಳ್ಳುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಸೋದರಮಾವನಿರಬೇಕು ಎಂದುಕೊಳ್ಳುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಮೈಕ್ರೊಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿ ಬಯಲಾದ ದೋಷ ಹೆಚ್ಚೂಕಡಿಮೆ ಹೀಗೇ ಇತ್ತು. ತಪ್ಪು ಪಾಸ್‌ವರ್ಡ್ ಕೊಟ್ಟವನನ್ನು ಅಲ್ಲಿನ ಒಂದು ಸಾಫ್ಟ್‌ವೇರ್ ಹೊರಗೆ ಕಳಿಸುತ್ತಿತ್ತು. ಪಾಸ್‌ವರ್ಡ್ ಕಳಿಸದೇ ಇದ್ದವನನ್ನು ಯಜಮಾನನೆಂದು ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಆ ಸಾಫ್ಟ್‌ವೇರ್‌ನ ಹೆಸರು ಒಎಂಐ, ಓಪನ್ ಮ್ಯಾನೇಜ್‌ಮೆಂಟ್ ಇನ್‌ಫ್ರಾಸ್ಟ್ರಕ್ಚರ್. ದೂರದಲ್ಲಿ ಕುಳಿತು ಲಿನಕ್ಸ್ ಸರ್ವರ್‌ಗಳ ಆರೋಗ್ಯ ವಿಚಾರಿಸುವುದು, ಲಾಗ್ (ಚಟುವಟಿಕೆಯ ದಾಖಲೆ) ತರಿಸಿಕೊಳ್ಳುವುದು, ಸಂರಚನೆ ಬದಲಿಸುವುದು ಇದರ ಕೆಲಸ. ಆ ಕೆಲಸಕ್ಕಾಗಿಯೇ ಅದು ಯಂತ್ರದೊಳಗೆ ‘ರೂಟ್’ ಅಧಿಕಾರದಲ್ಲಿ, ಅಂದರೆ ಮೇಲೆ ಇನ್ನೊಬ್ಬರಿಲ್ಲದ ಅಧಿಕಾರದಲ್ಲಿ ಕುಳಿತಿರುತ್ತದೆ. ಇದರಲ್ಲಿ ನಾಲ್ಕು ದೋಷಗಳನ್ನು ವಿಜ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ಪತ್ತೆಹಚ್ಚಿದರು. ಅವುಗಳಲ್ಲೊಂದು, ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2021-38647 ಎಂಬ ಸಂಖ್ಯೆಯದು, ಹತ್ತಕ್ಕೆ 9.8 ಅಂಕದ ತೀವ್ರತೆಯದ್ದು. ಅವರು ನಾಲ್ಕಕ್ಕೂ ಸೇರಿಸಿ ಇಟ್ಟ ಹೆಸರು ‘ಒಎಂಐಗಾಡ್’. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಓ ಮೈ ಗಾಡ್’ ಎಂದೇ ಕೇಳುತ್ತದೆ. ದೋಷಗಳಿಗೆ ಸಿನಿಮಾ ಹೆಸರಿಡುವ ಚಾಳಿ ನನಗೆ ಅಷ್ಟಾಗಿ ರುಚಿಸದು. ಈ ಹೆಸರನ್ನು ಮಾತ್ರ ಆ ದೋಷ ಸಂಪಾದಿಸಿಕೊಂಡಿತ್ತು.

ಹೇಗೆ ಎಂಬುದನ್ನು ತುಸು ಹತ್ತಿರದಿಂದ ನೋಡೋಣ. ಒಎಂಐಗೆ ಕಳಿಸುವ ಪ್ರತಿ ಕೋರಿಕೆಯ ತಲೆಯಲ್ಲಿ, ಅಂದರೆ ಹೆಡರ್‌ನಲ್ಲಿ, ‘ಆಥರೈಸೇಶನ್’ ಎಂಬ ಒಂದು ಸಾಲು ಇರಬೇಕು. ನಾನು ಇಂಥವನು, ಇದು ನನ್ನ ಪಾಸ್‌ವರ್ಡ್ ಎಂದು ಅದು ಹೇಳುತ್ತದೆ. ಸಾಲು ಇದ್ದರೆ ಪರಿಶೀಲನೆ ನಡೆಯುತ್ತದೆ, ಪಾಸಾದವನ ಗುರುತಿನ ಸಂಖ್ಯೆ ನೆನಪಿನ ಒಂದು ಖಾನೆಯಲ್ಲಿ ಬರೆಯಲ್ಪಡುತ್ತದೆ. ಸಾಲೇ ಇಲ್ಲದಿದ್ದರೆ? ಬರೆದವರು ಒಂದು ‘ಇಫ್’ ವಾಕ್ಯದಲ್ಲಿ ಎಡವಿದ್ದರಿಂದ ಪರಿಶೀಲನೆಯೇ ನಡೆಯುತ್ತಿರಲಿಲ್ಲ. ಕೋರಿಕೆ ಮಾತ್ರ ಮುಂದಕ್ಕೆ ಹೋಗುತ್ತಿತ್ತು, ಖಾನೆ ಖಾಲಿಯಾಗಿಯೇ. ಕಂಪ್ಯೂಟರ್‌ಗೆ ಇಲ್ಲಿ ಖಾಲಿ ಖಾನೆ ಎಂದರೆ ಸೊನ್ನೆ. ಯುನಿಕ್ಸ್ ಕಾಲದಿಂದಲೂ, ಅದರ ಮೊಮ್ಮಗನಂಥ ಲಿನಕ್ಸ್‌ನಲ್ಲೂ, ಸೊನ್ನೆ ಎಂಬ ಗುರುತಿನ ಸಂಖ್ಯೆ ಒಬ್ಬನಿಗೇ ಮೀಸಲು. ಅವನೇ ರೂಟ್. ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ಒಂದು ಕಲಂ ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತದೆ. ಇಲ್ಲಿ ಖಾಲಿ ಬಿಟ್ಟವನಿಗೆ ತಹಶೀಲ್ದಾರರ ಕುರ್ಚಿಯೇ ಸಿಕ್ಕಿತು.

ಈ ಬಗೆಯ ಎಡವಟ್ಟು ಅಪರೂಪದ್ದಲ್ಲ. ಎಚ್‌ಪಿಇ ಕಂಪನಿಯ ಸರ್ವರ್‌ಗಳೊಳಗೆ ಕೂತು ಅವನ್ನು ನಿಯಂತ್ರಿಸುವ ಐಎಲ್‌ಒ-4 ಎಂಬ ವ್ಯವಸ್ಥೆಗೆ 2017ರವರೆಗೆ ಒಂದು ಮಂತ್ರ ಗೊತ್ತಿತ್ತು: ಕೋರಿಕೆಯ ಒಂದು ಹೆಡರ್‌ನಲ್ಲಿ ಇಂಗ್ಲಿಷ್‌ನ ‘ಎ’ ಅಕ್ಷರವನ್ನು 29 ಸಲ ಬರೆದರೆ ಸಾಕು, ಪಾಸ್‌ವರ್ಡ್ ಬೇಡ. ಹಲವು ಕಂಪನಿಗಳ ಸರ್ವರ್‌ಗಳಲ್ಲಿ ಬಳಕೆಯಾಗುವ ಎಎಂಐ ಮೆಗಾರ‍್ಯಾಕ್ ಎಂಬ ನಿರ್ವಹಣಾ ಫರ್ಮ್‌ವೇರ್‌ನಲ್ಲಿ 2025ರ ಮಾರ್ಚ್‌ನಲ್ಲಿ ಪ್ರಕಟವಾದ ದೋಷಕ್ಕೆ ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಕೋರಿಕೆ ಬಂದದ್ದು ಮನೆಯೊಳಗಿಂದಲೇ ಎಂದು ಒಂದು ಹೆಡರ್‌ನಲ್ಲಿ ಸುಳ್ಳು ಹೇಳಿದರೆ ಅದು ನಂಬಿಬಿಡುತ್ತಿತ್ತು.

ಕೋಡ್ ಬರೆಯುವವರು ತಪ್ಪು ಮಾಡುತ್ತಾರೆ. ಅದರಲ್ಲಿ ಅಚ್ಚರಿಪಡುವಂಥದ್ದೂ ಇಲ್ಲ, ಬೈಯುವಂಥದ್ದೂ ಹೆಚ್ಚಿಲ್ಲ. ಒಎಂಐಗಾಡ್ ಪ್ರಕರಣವನ್ನು ಈಗಲೂ ಮತ್ತೆ ತೆಗೆದು ನೋಡಬೇಕೆನಿಸುವುದು ಬೇರೆ ಕಾರಣಕ್ಕೆ. ಈ ಸಾಫ್ಟ್‌ವೇರ್ ತಮ್ಮ ಯಂತ್ರದಲ್ಲಿದೆ ಎಂಬುದೇ ಬಹುತೇಕ ಗ್ರಾಹಕರಿಗೆ ಗೊತ್ತಿರಲಿಲ್ಲ.

ಅಜೂರ್‌ನಲ್ಲಿ ಲಿನಕ್ಸ್ ಯಂತ್ರವೊಂದನ್ನು ಬಾಡಿಗೆಗೆ ಹಿಡಿದು, ಲಾಗ್ ಅನಾಲಿಟಿಕ್ಸ್ ಬೇಕು, ಆಟೊಮೇಶನ್ ಬೇಕು, ಡಯಾಗ್ನಾಸ್ಟಿಕ್ಸ್ ಬೇಕು ಎಂದು ಪರದೆಯ ಮೇಲೆ ಒಂದು ಚೌಕಕ್ಕೆ ಟಿಕ್ ಹಾಕಿದರೆ ಹಿಂಬಾಗಿಲಿನಿಂದ ಒಎಂಐ ಬಂದು ಕೂರುತ್ತಿತ್ತು. ಬರುತ್ತಿದ್ದೇನೆ ಎಂದು ಅದು ಹೇಳುತ್ತಿರಲಿಲ್ಲ, ನಿಮ್ಮ ಒಪ್ಪಿಗೆ ಕೇಳುತ್ತಿರಲಿಲ್ಲ. ವಿಜ್ ತಾನು ಪರಿಶೀಲಿಸಿದ ಅಜೂರ್ ಗ್ರಾಹಕರಲ್ಲಿ ಶೇ 65ಕ್ಕೂ ಹೆಚ್ಚು ಮಂದಿ ತಮಗರಿವಿಲ್ಲದೆ ಅಪಾಯದಲ್ಲಿದ್ದರು ಎಂದಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಬಹಳಷ್ಟು ಯಂತ್ರಗಳಲ್ಲಿ ಒಎಂಐ ಹೊರಜಗತ್ತಿಗೆ ಬಾಗಿಲು ತೆರೆದಿರಲಿಲ್ಲ. 5985, 5986, 1270 ಎಂಬ ಪೋರ್ಟ್‌ಗಳು ತೆರೆದುಕೊಳ್ಳುತ್ತಿದ್ದುದು ಕೆಲವು ಬಗೆಯ ಬಳಕೆಯಲ್ಲಿ ಮಾತ್ರ. ಉಳಿದ ಕಡೆ ಆಗಲೇ ಹೇಗೋ ಒಳಗೆ ನುಸುಳಿದ್ದ ಸಾಮಾನ್ಯ ಬಳಕೆದಾರ ರೂಟ್ ಆಗಿ ಬಡ್ತಿ ಪಡೆಯುವ ಅಪಾಯವಿತ್ತು. ತನ್ನ ಯಂತ್ರ ಎರಡರಲ್ಲಿ ಯಾವ ಗುಂಪಿನದು ಎಂದು ತಿಳಿಯಲು ಗ್ರಾಹಕನಿಗೆ ಮೊದಲು ಒಎಂಐ ಎಂಬ ಹೆಸರು ಗೊತ್ತಿರಬೇಕಿತ್ತಲ್ಲ?

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ಇನ್ನಷ್ಟು ಸಂಗತಿ ಕಾಣುತ್ತದೆ. ಜೂನ್ ಆರಂಭದಲ್ಲೇ ವಿಜ್ ಮೈಕ್ರೊಸಾಫ್ಟ್‌ಗೆ ವರದಿ ಕೊಟ್ಟಿತ್ತು. ಆಗಸ್ಟ್‌ನ ಎರಡನೇ ವಾರದಲ್ಲಿ ತಿದ್ದುಪಡಿಯ ಕೋಡ್ ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಸೇರಿತು. ಒಎಂಐ ಮುಕ್ತ ತಂತ್ರಾಂಶವಾದ್ದರಿಂದ ಆ ಬದಲಾವಣೆಯನ್ನು ಯಾರು ಬೇಕಾದರೂ ಓದಬಹುದಿತ್ತು. ಯಾವ ಸಾಲು ಬದಲಾಗಿದೆ ಎಂದು ಓದಬಲ್ಲವರಿಗೆ ಯಾವ ಬಾಗಿಲು ತೆರೆದಿದೆ ಎಂದೂ ತಿಳಿಯುತ್ತದೆ. ಪರಿಷ್ಕೃತ ಆವೃತ್ತಿ 1.6.8.1 ಹೊರಬಂದದ್ದು ಸೆಪ್ಟೆಂಬರ್ 8ರಂದು, ದೋಷದ ಅಧಿಕೃತ ಪ್ರಕಟಣೆ 14ರಂದು. ತಿದ್ದುಪಡಿ ಬಯಲಿಗೆ ಬಂದು ಗ್ರಾಹಕನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಒಂದು ತಿಂಗಳು ಸರಿದಿತ್ತು.

ಪ್ರಕಟಣೆಯ ಆ ಮಂಗಳವಾರ ಗಣೇಶನ ಹಬ್ಬ ಕಳೆದು ನಾಲ್ಕೇ ದಿನ. ಮೈಕ್ರೊಸಾಫ್ಟ್‌ನ ಪ್ಯಾಚ್‌ಗಳು, ಅಂದರೆ ದೋಷ ಮುಚ್ಚುವ ತೇಪೆಗಳು, ಹೊರಬರುವ ಹೊತ್ತು ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಿಗ್ಗೆ ಹತ್ತು, ನಮ್ಮಲ್ಲಿ ರಾತ್ರಿ ಹತ್ತೂವರೆ. ಕೋವಿಡ್ ಕಾಲವಾದ್ದರಿಂದ ಬೆಂಗಳೂರಿನ ಸರ್ವರ್ ನಿರ್ವಹಣೆಯ ಪಾಳಿಯವರಲ್ಲಿ ಎಷ್ಟೋ ಜನ ಹಾಸನದಲ್ಲೋ ಶಿರಸಿಯಲ್ಲೋ ಊರಿನ ಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದ ದಿನಗಳವು. ತಿಂಗಳ ಎರಡನೇ ಮಂಗಳವಾರ ಬರುವ ಪ್ಯಾಚ್‌ಗಳ ಪಟ್ಟಿಯಲ್ಲಿ ಒಎಂಐ ಎಂಬ ಹೆಸರು ನೋಡಿದರೆ ಅದು ತಮಗೆ ಸಂಬಂಧಿಸಿದ್ದು ಎಂದು ಅನಿಸಲು ಕಾರಣವೇ ಇರಲಿಲ್ಲ. ನಾವು ಅದನ್ನು ಹಾಕಿಕೊಂಡೇ ಇಲ್ಲವಲ್ಲ ಎನ್ನುವುದು ಸಹಜವಾದ ಮೊದಲ ಮಾತು. ಇದ್ದದ್ದು ಗೊತ್ತಾದ ಮೇಲೂ ಅದನ್ನು ಪರಿಷ್ಕರಿಸುವ ಗುಂಡಿ ಅಜೂರ್‌ನ ಪರದೆಯಲ್ಲಿ ಇರಲಿಲ್ಲ. ಯಂತ್ರದೊಳಗೆ ಹೋಗಿ, ಮೈಕ್ರೊಸಾಫ್ಟ್‌ನ ಭಂಡಾರ ಸೇರಿಸಿ, ಕೈಯಾರೆ ಪರಿಷ್ಕರಿಸಬೇಕಿತ್ತು. ಹಾಕುವಾಗ ಕೇಳದ ಕಂಪನಿ ಸರಿಪಡಿಸುವಾಗ ನೀವೇ ನೋಡಿಕೊಳ್ಳಿ ಎಂದಿತು. ಪ್ರಕಟಣೆಯ ನಂತರವೂ ಹೊಸದಾಗಿ ಹುಟ್ಟುತ್ತಿದ್ದ ಯಂತ್ರಗಳಿಗೆ ಹಳೆಯ, ದೋಷವಿರುವ ಆವೃತ್ತಿಯೇ ಬರುತ್ತಿತ್ತು ಎಂದು ಸಂಶೋಧಕರು ತೋರಿಸಿದರು. ಟೀಕೆ ಹೆಚ್ಚಾದ ಮೇಲೆ ಮೈಕ್ರೊಸಾಫ್ಟ್ ಕೆಲವು ಸೇವೆಗಳಲ್ಲಿ ತಾನೇ ಪರಿಷ್ಕರಿಸಲು ಮುಂದಾಯಿತು.

ಅಷ್ಟರಲ್ಲಿ ಕಳ್ಳರು ಬಂದಾಗಿತ್ತು. ದೋಷ ಪ್ರಕಟವಾದ ಎರಡು ಮೂರು ದಿನದಲ್ಲೇ ಮಿರಾಯ್ ಎಂಬ ಬಾಟ್‌ನೆಟ್‌ನ (ವಶಪಡಿಸಿಕೊಂಡ ಯಂತ್ರಗಳ ಪಡೆಯ) ತಳಿಯೊಂದು ಅಂತರ್ಜಾಲವನ್ನು ಜಾಲಾಡಿ ಇಂಥ ಯಂತ್ರಗಳನ್ನು ಹಿಡಿಯತೊಡಗಿತು. ಒಳಹೊಕ್ಕ ಮೇಲೆ ತಾನು ಬಂದ ಪೋರ್ಟನ್ನು ಅದು ತಾನೇ ಮುಚ್ಚುತ್ತಿತ್ತು, ಇನ್ನೊಬ್ಬ ಕಳ್ಳ ಬಾರದಿರಲಿ ಎಂದು. ಆ ವಾರ ಪ್ಯಾಚ್ ಹಾಕುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದದ್ದು ಕಳ್ಳನೇ ಎಂದರೆ ಕುಹಕವಾದೀತು, ಆದರೆ ಸುಳ್ಳಾಗದು.

ನಿರ್ವಹಣಾ ತಂತ್ರಾಂಶದಲ್ಲಿ ಪ್ಯಾಚ್ ಹಾಕಲು ಸಿಗುವ ಗಡುವು ಎಷ್ಟು ಚಿಕ್ಕದು ಎಂಬುದನ್ನು ಅದರ ಹಿಂದಿನ ವರ್ಷವೇ ಸಾಲ್ಟ್ ಎಂಬ ವ್ಯವಸ್ಥೆ ತೋರಿಸಿಕೊಟ್ಟಿತ್ತು. ಸಾವಿರಾರು ಸರ್ವರ್‌ಗಳಿಗೆ ಒಂದೇ ಕಡೆಯಿಂದ ಆಜ್ಞೆ ಕೊಡುವ ಆ ವ್ಯವಸ್ಥೆಯಲ್ಲಿ ಆಜ್ಞೆ ಕೊಡುವ ಯಂತ್ರಕ್ಕೆ ‘ಮಾಸ್ಟರ್’ ಎಂದೂ ಪಾಲಿಸುವವಕ್ಕೆ ‘ಮಿನಿಯನ್’ ಎಂದೂ ಹೆಸರು. ಗುರುತು ಹೇಳದವನಿಗೂ ಮಾಸ್ಟರ್ ತನ್ನ ರೂಟ್ ಕೀಲಿಯನ್ನು ಕೊಟ್ಟುಬಿಡುತ್ತಿದ್ದ ದೋಷವನ್ನು ಎಫ್-ಸೆಕ್ಯೂರ್ ಕಂಪನಿ 2020ರ ಏಪ್ರಿಲ್ 30ರಂದು ಪ್ರಕಟಿಸಿತು. ಅಂತರ್ಜಾಲಕ್ಕೆ ಮುಖ ತೋರಿಸಿಕೊಂಡಿದ್ದ ಆರು ಸಾವಿರಕ್ಕೂ ಹೆಚ್ಚು ಮಾಸ್ಟರ್‌ಗಳನ್ನು ಅದು ಲೆಕ್ಕ ಹಾಕಿತ್ತು. ಪ್ರಕಟಣೆಯ ದಿನ ಗುರುವಾರ. ಶನಿವಾರ, ಭಾನುವಾರ ಕಳೆಯುವಷ್ಟರಲ್ಲಿ ಲಿನಿಯೇಜ್ ಒಎಸ್ ಎಂಬ ಮೊಬೈಲ್ ತಂತ್ರಾಂಶ ಯೋಜನೆ, ಗೋಸ್ಟ್ ಎಂಬ ಬ್ಲಾಗ್ ವೇದಿಕೆ, ಡಿಜಿಸರ್ಟ್ ಎಂಬ ಡಿಜಿಟಲ್ ಪ್ರಮಾಣಪತ್ರ ಕಂಪನಿ ಮೂರೂ ಕಡೆ ದಾಳಿಯಾಗಿತ್ತು. ಗೋಸ್ಟ್‌ನವರಿಗೆ ಗೊತ್ತಾದದ್ದು ಹೇಗೆ ಗೊತ್ತೇ? ದಾಳಿಕೋರರು ಕ್ರಿಪ್ಟೊ ನಾಣ್ಯ ಅಗೆಯಲು ಹೋಗಿ ಪ್ರೊಸೆಸರ್‌ಗಳು ಏದುಸಿರು ಬಿಟ್ಟಾಗ. ಅವರ ದುರಾಸೆಯೇ ಮನೆಯವರನ್ನು ಎಬ್ಬಿಸಿತು. ಸುಮ್ಮನೆ ಕೂತು ದತ್ತಾಂಶ ಓದಿಕೊಂಡಿದ್ದರೆ?

ಕ್ಲೌಡ್ ಕಂಪನಿಗಳ ಕರಾರುಗಳಲ್ಲಿ ‘ಹಂಚಿಕೊಂಡ ಹೊಣೆ’ ಎಂಬ ತತ್ವವಿದೆ. ಕಟ್ಟಡ, ವಿದ್ಯುತ್, ಯಂತ್ರಾಂಶ, ಅದರ ಮೇಲಿನ ವರ್ಚುವಲ್ ಪದರ ಕಂಪನಿಯದು. ಬಾಡಿಗೆ ಯಂತ್ರದೊಳಗಿನ ಆಪರೇಟಿಂಗ್ ಸಿಸ್ಟಂನಿಂದ ಮೇಲಿನದ್ದು ಗ್ರಾಹಕನದು. ಗೆರೆ ಸ್ಪಷ್ಟ, ನ್ಯಾಯವೂ ಹೌದು. ಆದರೆ ಒಎಂಐನಂಥ ಏಜೆಂಟ್, ಅಂದರೆ ಕಂಪನಿಯ ಪರವಾಗಿ ಯಂತ್ರದೊಳಗೆ ಕೂತು ಕೆಲಸ ಮಾಡುವ ಜೀವಿ, ಗೆರೆಯ ಆ ಕಡೆಯವರು ಕಳಿಸಿ, ಈ ಕಡೆ ಕೂತದ್ದು. ಮನೆ ಮಾಲೀಕ ಬಾಡಿಗೆದಾರನಿಗೆ ಹೇಳದೆ ಹಿತ್ತಿಲ ಬಾಗಿಲಿಗೆ ತನ್ನದೊಂದು ಬೀಗ ಜಡಿದು, ಅದು ಕಳಪೆ ಎಂದು ಗೊತ್ತಾದ ದಿನ ‘ಮನೆಯೊಳಗಿನ ರಿಪೇರಿ ನಿಮ್ಮದು’ ಎಂದರೆ ಯಾವ ಬಾಡಿಗೆದಾರ ಒಪ್ಪುತ್ತಾನೆ? ಹೊಣೆಯ ಗೆರೆಯನ್ನು ಸಾಫ್ಟ್‌ವೇರ್ ಎಲ್ಲಿ ಕೂತಿದೆ ಎಂಬುದರ ಮೇಲಲ್ಲ, ಅದನ್ನು ಯಾರು ಕೂರಿಸಿದರು ಎಂಬುದರ ಮೇಲೆ ಎಳೆಯಬೇಕು ಎಂಬುದು ನನ್ನ ವಾದ.

ಇದಕ್ಕೆ ತೂಕದ ಪ್ರತಿವಾದವೊಂದಿದೆ. ಕಂಪನಿಯೇ ಗ್ರಾಹಕನ ಯಂತ್ರಕ್ಕೆ ಕೈಹಾಕಿ ಪ್ಯಾಚ್ ಮಾಡಲಿ ಎನ್ನುವವರು 2024ರ ಜುಲೈ 19ನ್ನು ನೆನಪಿಸಿಕೊಳ್ಳಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತಾನಾಗಿ ತಳ್ಳಿದ ಒಂದು ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಹಂಚಬೇಕಾಯಿತು. ತಾನೇ ಪರೀಕ್ಷಿಸಿ, ತನಗೆ ಅನುಕೂಲವಾದ ಹೊತ್ತಿನಲ್ಲಿ ಪ್ಯಾಚ್ ಹಾಕುತ್ತೇನೆ ಎನ್ನುವ ಗ್ರಾಹಕನ ಹಕ್ಕು ಸಣ್ಣದಲ್ಲ. ಆದರೆ ಇದು ಗೊತ್ತಿದ್ದು ಹಾಕಿಕೊಂಡ ತಂತ್ರಾಂಶಕ್ಕೆ ಸಲ್ಲುವ ಮಾತು. ಇರುವುದೇ ಗೊತ್ತಿಲ್ಲದ ಏಜೆಂಟಿನ ಮೇಲೆ ಗ್ರಾಹಕನಿಗೆ ಯಾವ ನಿಯಂತ್ರಣವೂ ಇರುವುದಿಲ್ಲ, ಕಸಿದುಕೊಳ್ಳಲು ಏನಿದೆ?

ಭಾರತದ ಕಾನೂನು ಈ ವಿಷಯದಲ್ಲಿ ಬಹುಮಟ್ಟಿಗೆ ಬಾಡಿಗೆದಾರನ ಬೆನ್ನ ಮೇಲೆ ಕೂತಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಕಾಯ್ದಿಡಬೇಕು. ಒಳ್ಳೆಯದೇ. ಆದರೆ ಯಂತ್ರದಲ್ಲಿ ಏನಿದೆ ಎಂದೇ ತಿಳಿಯದವನ ಗಮನಕ್ಕೆ ಘಟನೆ ಬರುವುದೆಂದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ನಿಷ್ಠುರ. ದತ್ತಾಂಶವನ್ನು ತನ್ನ ಪರವಾಗಿ ಬೇರೆಯವರು ಸಂಸ್ಕರಿಸಿದರೂ ಹೊಣೆ ಅದನ್ನು ಸಂಗ್ರಹಿಸಿದವನದೇ, ನಡುವಿನ ಕರಾರು ಏನೇ ಇರಲಿ. ಸೂಕ್ತ ಭದ್ರತೆ ಇಲ್ಲದೆ ಸೋರಿಕೆಯಾದರೆ ದಂಡ ₹250 ಕೋಟಿವರೆಗೆ ಹೋಗಬಹುದು. ಜಿಲ್ಲಾ ಕೇಂದ್ರದ ಒಂದು ಸಹಕಾರಿ ಬ್ಯಾಂಕನ್ನೋ ನರ್ಸಿಂಗ್ ಹೋಮನ್ನೋ ಊಹಿಸಿಕೊಳ್ಳಿ. ಅವರ ಐಟಿ ವಿಭಾಗ ಎಂದರೆ ಪ್ರಿಂಟರ್ ಸರಿಮಾಡಲೂ ಓಡುವ ಒಬ್ಬ ಹುಡುಗ. ಕ್ಲೌಡ್‌ಗೆ ಹೋಗಿ, ಭದ್ರತೆಯನ್ನು ದೊಡ್ಡವರು ನೋಡಿಕೊಳ್ಳುತ್ತಾರೆ ಎಂದು ಮಾರಾಟಗಾರ ಅವರಿಗೆ ಹೇಳಿರುತ್ತಾನೆ. ಆ ಮಾತು ಅರ್ಧ ನಿಜ ಎಂಬುದು ಅವರಿಗೆ ನೋಟಿಸು ಬಂದ ದಿನ ತಿಳಿಯುತ್ತದೆ.

ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆ ಇದನ್ನು ತಿರುಗಿಸಿ ನೋಡುತ್ತದೆ. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದು, 2027ರ ಡಿಸೆಂಬರ್‌ನಿಂದ ಪೂರ್ಣವಾಗಿ ಅನ್ವಯವಾಗುವ ಅದರಲ್ಲಿ ಡಿಜಿಟಲ್ ಉತ್ಪನ್ನವನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ದೋಷಗಳನ್ನು ನಿಭಾಯಿಸಬೇಕು, ಭದ್ರತಾ ಪರಿಷ್ಕರಣೆ ಒದಗಿಸಬೇಕು. ನಮ್ಮಲ್ಲಿ ಸರ್ಟ್-ಇನ್ 2024ರಲ್ಲಿ ಸಾಫ್ಟ್‌ವೇರಿನ ‘ಪದಾರ್ಥಗಳ ಪಟ್ಟಿ’ಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಬಿಸ್ಕತ್ ಪೊಟ್ಟಣದ ಹಿಂದೆ ಇರುವಂತೆ, ಕೊಳ್ಳುವ ತಂತ್ರಾಂಶದಲ್ಲಿ ಏನೇನು ಬೆರೆತಿದೆ ಎಂಬ ಪಟ್ಟಿ. ಹೆಜ್ಜೆ ಸರಿ, ಆದರೆ ಒಎಂಐನಂಥದ್ದು ಅದಕ್ಕೆ ಸಿಕ್ಕುವುದು ಕಷ್ಟ. ಅದು ಖರೀದಿಯ ದಿನ ಪೊಟ್ಟಣದಲ್ಲಿ ಇರುವುದಿಲ್ಲ. ಆರು ತಿಂಗಳ ನಂತರ ಯಾರೋ ಒಂದು ಚೌಕಕ್ಕೆ ಟಿಕ್ ಹಾಕಿದಾಗ ಬರುತ್ತದೆ. ಸರ್ಕಾರ ಕ್ಲೌಡ್ ಕಂಪನಿಗಳನ್ನು ತನ್ನ ಅನುಮೋದಿತ ಪಟ್ಟಿಗೆ ಸೇರಿಸುವಾಗ, ಇಲಾಖೆಗಳು ಟೆಂಡರ್ ಕರೆಯುವಾಗ ಕೇಳಬೇಕಾದ ಷರತ್ತು ಸರಳ: ನಮ್ಮ ಯಂತ್ರದಲ್ಲಿ ನೀವು ಯಾವಾಗ ಏನನ್ನು ಕೂರಿಸಿದರೂ ಅಂದೇ ತಿಳಿಸಿ, ಕೂರಿಸಿದ್ದರಲ್ಲಿ ದೋಷ ಬಂದರೆ ರಿಪೇರಿಯೂ ನಿಮ್ಮದು, ನಷ್ಟವೂ ನಿಮ್ಮದು. ಒಬ್ಬ ಸಣ್ಣ ಗ್ರಾಹಕ ಇದನ್ನು ಕೇಳಿದರೆ ಮೈಕ್ರೊಸಾಫ್ಟ್, ಅಮೆಜಾನ್, ಗೂಗಲ್ ನಗುತ್ತವೆ. ಸರ್ಕಾರ ಕೇಳಿದರೆ ಕುರ್ಚಿ ಎಳೆದುಕೊಂಡು ಕೂರುತ್ತವೆ.

ಒಎಂಐಯನ್ನು ಅಷ್ಟೊಂದು ಯಂತ್ರಗಳಿಗೆ ಹೊತ್ತು ತಂದಿದ್ದ ಲಾಗ್ ಅನಾಲಿಟಿಕ್ಸ್ ಏಜೆಂಟ್‌ಗೆ ಮೈಕ್ರೊಸಾಫ್ಟ್ 2024ರ ಆಗಸ್ಟ್ 31ರಂದು ನಿವೃತ್ತಿ ಕೊಟ್ಟಿತು. ಬದಲಿಗೆ ಹೊಸ ಏಜೆಂಟ್ ಬಂದಿದೆ. ಹಳೆಯದು ತಾನಾಗಿ ಎದ್ದು ಹೋಗುವುದಿಲ್ಲ, ಇದ್ದಲ್ಲಿಂದ ತೆಗೆಯುವ ಕೆಲಸ ಈ ಸಲವೂ ಗ್ರಾಹಕನದೇ. ಐದಾರು ವರ್ಷ ಹಳೆಯ ಲಿನಕ್ಸ್ ಯಂತ್ರ ಯಾರ ಬಳಿಯಾದರೂ ಅಜೂರ್‌ನಲ್ಲಿದ್ದರೆ, ಅದರಲ್ಲಿ ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿ ತೆಗೆಸಿ ‘ಒಎಂಐಸರ್ವರ್’ ಎಂಬ ಹೆಸರು ಇದೆಯೇ ಎಂದು ಹುಡುಕುವುದಕ್ಕೆ ಒಂದು ನಿಮಿಷ ಸಾಕು.