ಬೋರು ಕೊರೆದ ದಿನದ ಲೆಕ್ಕ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರು ಈಗ ಯಾರಿಗೂ ಸುದ್ದಿಯಲ್ಲ. ಐನೂರು ಅಡಿಗೂ ಧೂಳೇ ಬಂದರೆ ಇನ್ನೊಂದು ನೂರು ಇಳಿಸೋಣ ಎನ್ನುತ್ತಾನೆ ರೈತ. ಕೊರೆಯುವ ಲಾರಿ ಹೊಲಕ್ಕೆ ಬಂದಾಗಿದೆ, ಸಾಲ ತಂದಾಗಿದೆ. ಸಾಕು ಎನ್ನಲು ಬಾಯಿ ಬರುವುದಿಲ್ಲ.

ಆದರೆ ಆಳಕ್ಕೆ ತಕ್ಕಂತೆ ನೀರು ಕೊಡುವ ನೆಲ ನಮ್ಮದಲ್ಲ. ಗಂಗೆಯ ಬಯಲಿನಲ್ಲಿ ನೂರಾರು ಅಡಿ ಮರಳು, ಮೆಕ್ಕಲು. ಕಣಗಳ ನಡುವೆಲ್ಲ ನೀರು. ನಮ್ಮ ಬಯಲುಸೀಮೆಯ ಅಡಿಯಲ್ಲಿರುವುದು ಗ್ರಾನೈಟು, ನೈಸ್ ಶಿಲೆ. ಇಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆ ಬಿರಿದ ಕಡೆ. ಕೊರೆಯುವವರು ‘ಗ್ಯಾಪ್’ ಎನ್ನುವುದು ಈ ಬಿರುಕಿಗೇ. ಕೆಳಗಿಳಿದಂತೆ ಬಿರುಕುಗಳು ವಿರಳವಾಗುತ್ತವೆ, ಮೇಲಿನ ಭಾರಕ್ಕೆ ಬಿಗಿಯುತ್ತವೆ. ಎಂಟುನೂರು ಅಡಿಯಲ್ಲಿ ಒಂದು ಗ್ಯಾಪ್ ಸಿಕ್ಕರೂ ಅಲ್ಲಿಗೆ ಮಳೆನೀರು ಇಳಿಯಲು ಬಹುಕಾಲ ಬೇಕು. ಮೊದಲು ಎರಡಿಂಚು ನೀರು ಕೊಟ್ಟ ಬೋರು ಕೆಲವೇ ಬೇಸಿಗೆಗಳಲ್ಲಿ ಬತ್ತುವುದಕ್ಕೆ ಎಷ್ಟೋ ಕಡೆ ಇದೇ ಕಾರಣ.

ಕೊರೆಯುವ ಕೆಲಸದ ಕಷ್ಟವೂ ಕಡಿಮೆಯಲ್ಲ. ಕಂಪ್ರೆಸರಿನ ಗಾಳಿ ರಾಡಿನೊಳಗೆ ಇಳಿದು ಹ್ಯಾಮರನ್ನು ಬಡಿಸುತ್ತದೆ. ಅದೇ ಗಾಳಿ ಪುಡಿಯಾದ ಕಲ್ಲನ್ನು ಮೇಲಕ್ಕೆ ತಳ್ಳುತ್ತದೆ. ನಡುವೆ ಸಡಿಲ ಪದರ ಕುಸಿದರೆ ಹ್ಯಾಮರ್ ಕೆಳಗೇ ಸಿಕ್ಕಿಬೀಳುತ್ತದೆ. ಒಳಗೆ ನೀರು ತುಂಬ ಏರಿದರೆ ಅದರ ಒತ್ತಡಕ್ಕೆ ಹೊಡೆತವೇ ಕುಗ್ಗುತ್ತದೆ. ಬಾವಿ ಓರೆಯಾದರೆ ಮೋಟಾರ್ ಇಳಿಯದು. ಇವುಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಕೇಸಿಂಗ್ ವಿಷಯ. ಕೇಸಿಂಗ್ ಪೈಪು ಗಟ್ಟಿ ಬಂಡೆಯೊಳಗೆ ಕೂರಬೇಕು. ಅದಕ್ಕೆ ಬೇರೆ ದರ ಎಂದು ನಾಲ್ಕಡಿ ಮೇಲೆಯೇ ನಿಲ್ಲಿಸಿದರೆ ಮಣ್ಣು ಒಳಗೆ ಸುರಿಯುತ್ತದೆ, ಮೋಟಾರ್ ಜಾಮ್ ಆಗುತ್ತದೆ, ಕೊನೆಗೆ ಬಾವಿಯೇ ಮುಚ್ಚಿಹೋಗುತ್ತದೆ. ಫೇಲಾದ ಬೋರಿನಿಂದ ಆ ಪೈಪನ್ನೂ ಕಿತ್ತುಕೊಂಡು ಬಾಯಿ ಮುಚ್ಚದೆ ಹೋಗುವುದು ಅಪರಾಧಕ್ಕೆ ಸಮ. ಕೊಳವೆಬಾವಿ ಕೊರೆಯುವ ಹದಿನೈದು ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆಮೇಲೂ, 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಹೆಣ್ಣುಮಗುವೊಂದು ಕೊಳವೆಬಾವಿಗೆ ಬಿದ್ದು ಸತ್ತಿತು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಬದುಕಿ ಬಂತು. ಎಲ್ಲ ಮನೆಗೂ ಆ ಭಾಗ್ಯವಿಲ್ಲ.

ಫೇಲಾದ ಬಾವಿಯೆಲ್ಲ ನಿಷ್ಪ್ರಯೋಜಕವೂ ಅಲ್ಲ. ಬಿರುಕು ಇದ್ದೂ ನೀರಿಲ್ಲದ ಬೋರಿಗೆ ಇಂಗುಗುಂಡಿ ಮಾಡಿ, ಜಲ್ಲಿ ಮರಳಿನಲ್ಲಿ ಸೋಸಿ, ಮಳೆನೀರು ಇಳಿಸಬಹುದು. ಸೋಸದ ಚರಂಡಿ ನೀರು ಬಿಟ್ಟರೆ ಊರಿನ ಅಂತರ್ಜಲಕ್ಕೇ ವಿಷ. ಗೊಬ್ಬರ, ಕೀಟನಾಶಕ ಹರಿಯುವ ಹೊಲದ ನೀರನ್ನೂ ದೂರವಿಡಬೇಕು.

ಇಷ್ಟೆಲ್ಲ ಖರ್ಚಿನಲ್ಲಿ ನಾವು ಕಳೆದುಕೊಳ್ಳುವುದು ಇನ್ನೊಂದಿದೆ: ನೆಲದೊಳಗಿನ ಮಾಹಿತಿ. ಭೂಕಂಪ ಅರಿಯಲು ಮಹಾರಾಷ್ಟ್ರದ ಕೊಯ್ನಾ ಪ್ರದೇಶದಲ್ಲಿ ವಿಜ್ಞಾನಿಗಳು ಮೂರು ಕಿಲೋಮೀಟರ್ ಆಳದ ಬಾವಿ ಕೊರೆಸಿ, ಬಂಡೆಯ ಪದರಗಳನ್ನು ಅಳೆದು ದಾಖಲಿಸಿದರು. ನಮ್ಮ ಹೊಲಗಳಲ್ಲಿ ಅಂಥ ದಾಖಲೆಗೆ ವಿಷಯ ದಿನವೂ ಮೇಲೆ ಬರುತ್ತದೆ: ಕೆಂಪು ಧೂಳು, ಬೂದು ಧೂಳು, ತೇವದ ಚೂರು. ಒಬ್ಬರೂ ಬರೆದಿಡುವುದಿಲ್ಲ. ಮಾರನೆಯ ವರ್ಷ ಪಕ್ಕದ ಹೊಲದವನು ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿಸಿ, ಅದೇ ಒಣ ಬಂಡೆಗೆ ಮತ್ತೆ ಲಕ್ಷ ಸುರಿಯುತ್ತಾನೆ.

ಆದ್ದರಿಂದ ಬೋರು ಕೊರೆಸುವ ಅಣ್ಣತಮ್ಮಂದಿರಲ್ಲಿ ನನ್ನ ಬಿನ್ನಹ: ಲಾರಿಯ ಹತ್ತಿರ ನೋಟ್‌ಬುಕ್ ಹಿಡಿದು ನಿಲ್ಲಿ. ಎಷ್ಟು ರಾಡ್ ಇಳಿಯಿತು, ಕೇಸಿಂಗ್ ಎಲ್ಲಿ ಕೂತಿತು, ಯಾವ ಅಡಿಯಲ್ಲಿ ಮಣ್ಣಿನ ಬಣ್ಣ ಬದಲಾಯಿತು, ಗ್ಯಾಪ್ ಎಲ್ಲೆಲ್ಲಿ ಸಿಕ್ಕಿತು, ನೀರು ಎಷ್ಟಿಂಚು ಎಂದು ಬರೆಯಿರಿ. ಅದರ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು, ನಿಮ್ಮೂರಿನ ಎಲ್ಲರಿಗೂ ಸಿಗುವಂತೆ ಇಡಿಸಿ.